ವಧು-ವರರ ಹದಿನೇಳು ಅವತಾರ

“ಉಮಾಬಾಯಿ ಇಟ್ಟದ್ದು ಹುಡುಕಿದ್ರ ಸಿಗ್ತೈತಿ, ಅಮೃತಪ್ಪ ಇಟ್ಟದ್ದು ಹುಡುಕಾಕ ಹೋದ್ರ ಅಮೃತಪ್ಪನೂ ಸಿಗಂಗಿಲ್ಲ!”

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆರೆಹೊರೆಯವರು ಹೀಗೆ ಆಡಿಕೊಳ್ಳುತ್ತಿದ್ದರು. ಆ ಅಮೃತಪ್ಪ ನಾನೇ! ಉಮಾಬಾಯಿ ನನ್ನ ಹೆಂಡತಿ. ಹೈದರಾಬಾದಿನಲ್ಲಿ ಓಣಿಗೊಂದು ಕಂಪ್ಯೂಟರ್ ಕ್ಲಾಸು ಎದ್ದ ಕಾಲವದು. ಇವರೆಲ್ಲರ ಬಾಯಿ ಮುಚ್ಚಿಸಲೆಂದೇ ನಾನೂ ಒಂದು ಕಂಪ್ಯೂಟರ್ ತಂದೆ. ಊರಿನ ಕನ್ನಡ ಮನೆಗಳ ಮದುವೆ ವಯಸ್ಸಿಗೆ ಬಂದ ಹುಡುಗ-ಹುಡುಗಿಯರನ್ನೆಲ್ಲ ‘ವಧುವರ’ ಎಂಬ ಡೇಟಾಬೇಸ್ ಫೈಲಿಗೆ ತುಂಬಿ ಘೋಷಿಸಿದೆ: “ಇನ್ನು ಒಂದ ಫೈಲು, ಒಂದ ಸತ್ಯ!”

ಎಂಟೇ ದಿನದಲ್ಲಿ ಸತ್ಯ ಮರಿ ಹಾಕಿತು! ವಧುವರ-1, ವಧುವರ-2, ವಧುವರ-3... ನಾನು ಬಾಲಾನಗರದ ಕಾರ್ಖಾನೆಯಿಂದ ಬರುವಷ್ಟರಲ್ಲಿ ದಿನಕ್ಕೊಂದು. ವೈರಸ್ಸೆಂದು ಬೇಟೆಯಾಡಿದೆ, ಸಿಗಲಿಲ್ಲ. ಸಹೋದ್ಯೋಗಿ ಹನುಮಂತನನ್ನು ಕೇಳಿದೆ.

“ಫೈಲು ಮುಚ್ಚುವಾಗ ತಾನ ಹಿಂಡಿ ಸಣ್ಣದು ಮಾಡೋ ಸೆಟ್ಟಿಂಗ್ ಇರ್ತೈತ್ರಿ. ಅದು ಅರ್ಧಕ್ಕ ನಿಂತ್ರ ಪ್ರತಿ ಉಳೀತಾವ. ತಗದಬಿಡ್ರಿ.”

ತೆಗೆದೆ. ಮರುದಿನವೇ ವಧುವರ-17! ಸಿಟ್ಟು ನೆತ್ತಿಗೇರಿತು. ಮೂಲವೊಂದನ್ನು ಉಳಿಸಿ ಹದಿನೇಳನ್ನೂ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಅಷ್ಟರಲ್ಲಿ ಜೀಡಿಮೆಟ್ಲಾದ ಗಂಗಾಬಾಯಿ ಮಗಳಿಗೆ ವರ ಕೇಳಿದರು. ಫೈಲು ತೆರೆದು ಗತ್ತಿನಿಂದ ಓದಿದೆ: “ಭೀಮಾಶಂಕರ, ಬಿ.ಇ., ಸಂಬಂಧ ಇನ್ನೂ ಎಲ್ಲೂ ಗೊತ್ತಾಗಿಲ್ಲ!”

ಗೊತ್ತಾಗದೆ ಇದ್ದದ್ದು ನನಗೆ!

ಭಾನುವಾರ ಬೆಳಿಗ್ಗೆ ಭೀಮಾಶಂಕರನ ತಾಯಿ ಕೃಷ್ಣಾಬಾಯಿಯವರ ಫೋನು: “ಏನ್ರಿ ಅಮೃತಪ್ಪನವರ, ನಿಮ್ಮ ಗುರುದೇವೀನ್ನ ಒಪ್ಪಿ ನಾಕು ದಿನ ಆಗಿಲ್ಲ, ಇನ್ನೊಂದು ಹೆಣ್ಣಿನವರನ್ನ ನಮ್ಮ ಬಾಗಲಿಗೆ ಕಳಿಸೀರಿ! ನಮ್ಮ ಮನಿತನ ಬ್ಯಾಡಾಗಿದ್ರ ನೆಟ್ಟಗ ಹೇಳ್ರಿ!”

ಗುರುದೇವಿ ಎಂದರೆ ನನ್ನ ಹೆಂಡತಿಯ ಅಕ್ಕನ ಮಗಳು!

“ನನಗ್ಯಾಕ ಹೇಳಲಿಲ್ಲ?” ಎಂದು ಉಮಾಬಾಯಿಯ ಮೇಲೆ ಹರಿಹಾಯ್ದೆ.

“ಮೂರು ಸಲ ಹೇಳೀನಿ. ಮೂರೂ ಸಲ ‘ಹೂಂ’ ಅಂದೀರಿ. ನಿಮ್ಮ ಧ್ಯಾನೆಲ್ಲಾ ವೈರಸ್ ಮ್ಯಾಲ! ಅದಕ್ಕ ಫೈಲಿನ್ಯಾಗೂ ಬರದಿಟ್ಟೆ.”

“ಫೈಲಿನ್ಯಾಗ ಇಲ್ಲ!”

“ಹದಿನೇಳನೇದ್ರಾಗ ನೋಡ್ರಿ.”

“ಅವನ್ನೆಲ್ಲಾ ಮಾಡಿದಾಕಿ ನೀನಾ?”

“ಮತ್ಯಾರು? ಇದ್ದ ಮೊಸರೆಲ್ಲಾ ಯಾರರ ಉಣ್ತಾರೇನ್ರಿ? ಹೆಪ್ಪಿಗೆ ಒಂದೀಟು ಇಡಬೇಕಲ್ಲ! ಹಳೇದು ಹೆಪ್ಪಿಗೆ ಅಂತ ಬಿಟ್ಟು, ದಿನಾ ಹೊಸಾ ಪ್ರತಿ ತಗದು ಅದರಾಗ ಬರೀತಿದ್ದೆ. ಎಲ್ಲಿ ಅದಾವ ಅವು?”

ಹೇಳಿದೆ. ಆಕೆ ಹಣೆ ಹಣೆ ಬಡಿದುಕೊಂಡಳು: “ಅಯ್ಯ ನನ ದೇವರ! ಹೆಪ್ಪು ಉಳಿಸಿ ಮೊಸರು ಚೆಲ್ಲೀರಿ!”

ಹನುಮಂತನ ಮನೆಗೆ ಓಡಿದೆ. ಅಳಿಸಿದ್ದು ಬಾರದೆಂದ. ಗಂಗಾಬಾಯಿಯವರ ಮನೆಗೆ ಓಡಿದೆ. ಚಹಾ ಸಹ ಕೊಡಲಿಲ್ಲ. ತಿರುಗಿ ಬಂದರೆ ಉಮಾಬಾಯಿ ಫೋನಿನಲ್ಲಿ ಕೃಷ್ಣಾಬಾಯಿಯವರೊಂದಿಗೆ ಕಿಲಕಿಲ ನಗುತ್ತಿದ್ದಾಳೆ!

“ಸಂಬಂಧ ಉಳೀತು. ಆದ್ರ ನೀವ ಖುದ್ದು ಬರಬೇಕಂತ. ಹೋಗ್ರಿ.”

ಮತ್ತೆ ಚಪ್ಪಲಿ ಮೆಟ್ಟಿದೆ. ಡೇಟಾಬೇಸಿನ ಮೂಲ, ಪ್ರತಿ, ಸೆಟ್ಟಿಂಗ್ ಎಲ್ಲ ವಿವರಿಸುವ ದೊಡ್ಡ ಭಾಷಣವನ್ನೇ ಜೋಡಿಸಿಕೊಂಡು, “ಮಾತು ಹ್ಯಾಂಗ ಸುರು ಮಾಡ್ಲಿ?” ಎಂದೆ.

“ಮಾತು ನಾ ಮುಗಿಸೀನಿ,” ಎಂದಳು ಬಾಗಿಲು ತೆರೆಯುತ್ತ. “ನೀವು ಕೈ ಮುಗದು ಬರ್ರಿ, ಸಾಕು!”