ಕಲಬುರಗಿಯಿಂದ ಬೆಳಗಾವಿಗೆ ಬರೀ ಒಂದು ತಾಸು

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಆದ್ದರಿಂದ ಭೂಮಿಯ ಮೇಲಿನ ಯಾವ ಎರಡು ಊರುಗಳ ದೂರದ ಬಗ್ಗೆಯೂ ಅಂತಿಮ ತೀರ್ಪು ಕೊಡುವ ಅಧಿಕಾರ ನನಗೇ ಸೇರಿದ್ದು ಎಂದು ನಂಬಿದ್ದೆ.

ನನ್ನ ಹೆಂಡತಿ ನಾಗರತ್ನ ದೇವದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹತ್ತಾರು ವರ್ಷಗಳಿಂದ ಅತಿಥಿ. ಯಾರ ಮನೆಯಲ್ಲೂ ಅತಿಥಿ ಅಷ್ಟು ದಿನ ಇರುವುದಿಲ್ಲ! ಹೀಗಿರುವಾಗ ಬೆಳಗಾವಿಯ ಕಾಲೇಜೊಂದರಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಮುಂದಿನ ವರ್ಷ ಅವಳ ವಯೋಮಿತಿ ಮುಗಿಯುತ್ತಿತ್ತು. ಇದೇ ಕೊನೆಯ ಅವಕಾಶ.

"ಹಿಂದಿನ ದಿನಾನ ಬಸ್ಸಿಗಿ ಹೋಗಿಬಿಡೂಣ್ರೀ. ಸೀಟು ಹಿಡಿದೀನಿ," ಅಂದಳು.

ನಾನು ಮೊಬೈಲು ನೋಡಿದೆ. ಕಲಬುರಗಿ ವಿಮಾನ ನಿಲ್ದಾಣದಿಂದ ಬೆಳಗಾವಿ ವಿಮಾನ ನಿಲ್ದಾಣಕ್ಕೆ ಹಾರಾಟದ ಸಮಯ ಸುಮಾರು ಒಂದು ತಾಸು!

"ನಾಗೂ, ಬಸ್ಸಿನ್ಯಾಗ ಕುಲುಕಾಡಿ ಹೋಗಿ ಅಲ್ಲಿ ತೂಕಡಿಸ್ತೀ ಏನು? ವಿಮಾನದಾಗ ಹೋಗೂಣು. ಒಂದ್ ತಾಸಿನ ಮಾತು!"

"ವಿಮಾನ ಬಿಡ್ರಿ, ಈಗ ನೀವ ಹಾರಾಡಾಕತ್ತೀರಿ."

ಬಸ್ಸಿನ ಸೀಟುಗಳನ್ನು ನಾನೇ ರದ್ದು ಮಾಡಿಸಿದೆ. ಓಣಿಗೆಲ್ಲ ಸುದ್ದಿ ಹೇಳಿದೆ. ಟಿಕೆಟ್ ಒಂದನ್ನು ಬಿಟ್ಟು ಉಳಿದ ಸಿದ್ಧತೆಯೆಲ್ಲ ಮುಗಿಯಿತು.

ಟಿಕೆಟ್ ಕೊಳ್ಳಲು ಕೂತಾಗ ತಿಳಿಯಿತು, ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ! ಮೊಬೈಲು ನಕ್ಷೆಯ ಮೇಲೆ ಒಂದು ಗೆರೆ ಎಳೆದು, ವಿಮಾನ ಇದ್ದಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಎಂದು ಹೇಳಿತ್ತು ಅಷ್ಟೇ. ಭೂಗೋಳದ ಮೇಷ್ಟ್ರು ಆ ಗೆರೆಯ ಮೇಲೆ ಹೆಂಡತಿಯನ್ನು ಕೂರಿಸಿದ್ದ!

ಅಷ್ಟರಲ್ಲಿ ಹಬ್ಬದ ಜನ ಬಸ್ಸುಗಳನ್ನು ತುಂಬಿದ್ದರು. ಮರ್ಯಾದೆ ಉಳಿಸಿಕೊಳ್ಳಲು ಬೆಂಗಳೂರಿನ ಮೂಲಕ ಹೋಗುವ ಟಿಕೆಟ್ ಕೊಂಡೆ. ಪಶ್ಚಿಮದ ಊರಿಗೆ ಮೊದಲು ಉತ್ತರಕ್ಕೆ, ಆಮೇಲೆ ದಕ್ಷಿಣಕ್ಕೆ, ಮತ್ತೆ ವಾಯವ್ಯಕ್ಕೆ! ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

"ಮಧ್ಯಾಹ್ನ ಸಂದರ್ಶನ ಅದ. ಮುಟ್ತೀವೇನ್ರೀ?"

"ಆರಾಮ!"

ಅಂದು ನಸುಕಿನಲ್ಲೇ ಬಾಡಿಗೆ ಕಾರಿನಲ್ಲಿ ಹೊರಟೆವು. ನಾಗರತ್ನ ರೇಷ್ಮೆ ಸೀರೆ ಉಟ್ಟು, ಉತ್ತರಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಶಹಾಪುರದಲ್ಲಿ ಬಿಸಿ ಮಿರ್ಚಿ ಬಜ್ಜಿ ಕಂಡು ಕಾರು ನಿಲ್ಲಿಸಿದೆ. "ಬ್ಯಾಡ್ರೀ, ಹೊತ್ತಾಗ್ತದ," ಅಂದಳು. ಎರಡು ಪ್ಲೇಟು ತಿಂದೆ.

ನಿಲ್ದಾಣ ಮುಟ್ಟಿದಾಗ ಕೌಂಟರಿನ ಹುಡುಗಿ ಟಿಕೆಟ್ ನೋಡಿ ತಲೆಯಾಡಿಸಿದಳು.

"ಚೆಕ್-ಇನ್ ಮುಗೀತು ಸರ್."

"ವಿಮಾನ ಇನ್ನೂ ಅಲ್ಲೇ ನಿಂತದಲ್ಲವಾ!"

"ನಿಂತದ ಸರ್. ಆದ್ರ ನಿಮಗಲ್ಲ."

ಹೊರಗೆ ಬಂದು ನಿಂತೆವು. ವಿಮಾನ ನಮ್ಮ ಕಣ್ಣೆದುರೇ ಏರಿಹೋಯಿತು. ನಾಗರತ್ನ ಬೆಳಗಾವಿಗೆ ಫೋನ್ ಮಾಡಿ, ನಾಳೆ ಬರಬಹುದೇ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಆಗುವುದಿಲ್ಲವೆಂದರು. ಆಮೇಲೆ "ಆಯ್ತ್ರೀ ಸರ್" ಎಂದು ಮೊಬೈಲನ್ನು ಚೀಲಕ್ಕೆ ಹಾಕಿದಳು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರಳುವಾಗ ದೇವದುರ್ಗದಲ್ಲಿ ಕಾರು ನಿಲ್ಲಿಸಲು ಹೇಳಿದಳು.

"ಮಧ್ಯಾಹ್ನದ ಕ್ಲಾಸ್ ಸಿಗ್ತದ. ಸುಮ್ನ ಯಾಕ ರಜಾ ಹಾಳು ಮಾಡ್ಲಿ?"

ಅದೇ ರೇಷ್ಮೆ ಸೀರೆಯಲ್ಲಿ ಕಾಲೇಜಿನ ಗೇಟು ದಾಟಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಮಾನ್ವಿಯಲ್ಲಿ ಕಾರಿನಿಂದ ಇಳಿಯುತ್ತಿದ್ದಂತೆ ಪಕ್ಕದ ಮನೆಯ ಬಸಪ್ಪ ಕಣ್ಣರಳಿಸಿದ.

"ಯಪ್ಪಾ! ಬೆಳಗಾವಿಗಿ ಹೋಗಿ ಊಟದ ಹೊತ್ತಿಗಿ ಬಂದ್ರಿ? ವಿಮಾನ ಅಂದ್ರ ವಿಮಾನ ನೋಡ್ರಿ ಸರ್!"

"ಹೂಂ," ಅಂದೆ. ಒಳಗೆ ಹೋಗಿ, ಅವಳು ಬರುವಷ್ಟರಲ್ಲಿ ಅಡುಗೆಯನ್ನಾದರೂ ಮಾಡೋಣವೆಂದು ಅನ್ನಕ್ಕಿಟ್ಟೆ. ಅದನ್ನೂ ಹೊತ್ತಿಸಿದೆ!