ಹೆಸರಿಲ್ಲದ ಗಾಳಿಗೆ ಹಾರಿದ ಹಂಚುಗಳ ಕುರಿತು

ಸಂಖ್ಯೆ: ಗಾ.ನಾ/ಮಂ/62/2025-26
ಮಂಗಳೂರು, ದಿನಾಂಕ: 11-06-2025

ವಿಷಯ: ನಗರ ವ್ಯಾಪ್ತಿಯ ಹೆಸರಿಲ್ಲದ ಗಾಳಿಗಳಿಗೆ ನಾಮಕರಣ ಮಾಡುವ ಬಗ್ಗೆ.

ಉಲ್ಲೇಖ:
1. ಜೆಪ್ಪು ನಿವಾಸಿ ಶ್ರೀಮತಿ ಬೀಫಾತಿಮ್ಮ ಇವರ ಅರ್ಜಿ, ದಿನಾಂಕ: 27-05-2025
2. ಅದೇ ಅರ್ಜಿ, ಎರಡನೇ ಸಲ
3. ಅದೇ ಅರ್ಜಿ, ಮಳೆಯಲ್ಲಿ ನೆನೆದ ಸ್ಥಿತಿಯಲ್ಲಿ

ದಿನಾಂಕ 26-05-2025ರ ಸಂಜೆ ಬೀಸಿದ ಗಾಳಿಗೆ ಅರ್ಜಿದಾರರ ಮನೆಯ 214 ಹಂಚುಗಳು ಹಾರಿಹೋಗಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಪರಿಹಾರದ ಹಂಚುಗಳು ಗೋದಾಮಿನಲ್ಲಿ ಸಿದ್ಧವಾಗಿವೆ. ಆದರೆ ಅರ್ಜಿಯ ನಾಲ್ಕನೇ ಅಂಕಣ, ‘ಚಂಡಮಾರುತದ ಹೆಸರು’, ಖಾಲಿ ಇದೆ. ಅದನ್ನು ತುಂಬದೆ ಕಂಪ್ಯೂಟರು ಮುಂದಿನ ಪುಟ ತೋರಿಸುವುದಿಲ್ಲ. ಆದ್ದರಿಂದ ಎಲ್ಲ ಸಿಬ್ಬಂದಿಗೆ ಮತ್ತು ಎಲ್ಲ ಗಾಳಿಗಳಿಗೆ ಅನ್ವಯವಾಗುವಂತೆ ಕೆಳಗಿನಂತೆ ಸೂಚಿಸಲಾಗಿದೆ.

1. ಸಮುದ್ರದಲ್ಲಿ ಒಂದೇ ಹೊತ್ತಿಗೆ ಎರಡು ಚಂಡಮಾರುತಗಳು ಎದ್ದರೆ ಗೊಂದಲವಾಗಬಾರದು, ಅಕ್ಷಾಂಶ ರೇಖಾಂಶಕ್ಕಿಂತ ಹೆಸರು ಮೀನುಗಾರರ ನೆನಪಿನಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕೆ ಹೆಸರಿಡುವ ಪದ್ಧತಿ ಇದೆ. ಹದಿಮೂರು ದೇಶಗಳು ಕೊಟ್ಟ ಪಟ್ಟಿಯಿಂದ ಸರದಿಯಂತೆ ಹೆಸರು ತೆಗೆಯಲಾಗುತ್ತದೆ. 2021ರ ಚಂಡಮಾರುತ ‘ತೌಕ್ತೆ’ಗೆ ಮ್ಯಾನ್ಮಾರ್ ಕೊಟ್ಟ ಹೆಸರು ಅದು, ಅರ್ಥ ಹಲ್ಲಿ. ಗಂಟೆಗೆ 62 ಕಿ.ಮೀ. ವೇಗ ಮುಟ್ಟದ ಗಾಳಿಗೆ ಹೆಸರಿನ ಹಕ್ಕಿಲ್ಲ. ಜೆಪ್ಪುವಿನ ಗಾಳಿಯ ವೇಗ ಅಳೆಯುವ ಉಪಕರಣ ಅದೇ ಗಾಳಿಗೆ ಹಾರಿಹೋಗಿರುವುದರಿಂದ ವೇಗವನ್ನು ‘ಶೂನ್ಯ’ ಎಂದು ನಮೂದಿಸಲಾಗಿದೆ.

2. ಇನ್ನು ಮುಂದೆ ಇಂತಹ ಗಾಳಿಗಳಿಗೆ ಇಲಾಖೆಯೇ ಹೆಸರಿಡತಕ್ಕದ್ದು. ಹೆಸರು ಎಂಟು ಅಕ್ಷರ ಮೀರಬಾರದು, ಯಾರ ಮನಸ್ಸನ್ನೂ ನೋಯಿಸಬಾರದು.

3. ಹಾರಿದ ವಸ್ತುವಿನಿಂದ ಗಾಳಿಯನ್ನು ಗುರುತಿಸುವ ಸಾರ್ವಜನಿಕರ ರೂಢಿಯನ್ನು ನಿಷೇಧಿಸಲಾಗಿದೆ. ‘ನಿತ್ಯಾನಂದರ ಹೋಟೆಲಿನ ಶೀಟು ಹಾರಿದ ಗಾಳಿ’ ಬೀಸಿ ಆರು ವರ್ಷಗಳಾದವು. ಶೀಟು ಕೂಳೂರು ಸೇತುವೆಯ ಬಳಿ ಸಿಕ್ಕಿ, ಮರಳಿ ಜೋಡಿಸಿಯೂ ಆಯಿತು. ಹೆಸರು ಮಾತ್ರ ಕೆಳಗಿಳಿದಿಲ್ಲ ಎಂದು ಸದರಿಯವರು ದೂರಿದ್ದಾರೆ.

4. ಗಾಳಿಯು ಕಚೇರಿ ವೇಳೆಯಲ್ಲಿ ಬೀಸತಕ್ಕದ್ದು. ಎರಡನೇ ಶನಿವಾರ ಬೀಸಿದ್ದನ್ನು ಸೋಮವಾರ ಬೀಸಿದ್ದೆಂದು ಪರಿಗಣಿಸಲಾಗುವುದು. ಕೂಳೂರು ಸೇತುವೆ ದಾಟಿದ ಗಾಳಿಯನ್ನು ಆಚೆ ದಡದಲ್ಲಿ ಹೊಸ ಗಾಳಿಯೆಂದು ದಾಖಲಿಸಿ, ಹಳೆಯ ಕಡತವನ್ನು ಮುಕ್ತಾಯಗೊಳಿಸುವುದು.

5. ಸಿಬ್ಬಂದಿಯ ಹೆಸರನ್ನು ಗಾಳಿಗೆ ಇಡುವಂತಿಲ್ಲ. ಗುಮಾಸ್ತೆ ಶ್ರೀಮತಿ ಒಲಿಂಡಾ ಇವರು ‘ಮರ್ವಿನ್’ ಎಂದು ಸೂಚಿಸಿ, ‘ಬರುವುದು ತಡ, ಶಬ್ದ ಜಾಸ್ತಿ’ ಎಂದು ಕಾರಣ ಬರೆದಿರುವುದನ್ನು ಕೆಳಗೆ ಸಹಿ ಮಾಡಿದವರು ಓದಿರುತ್ತಾರೆ.

6. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಪೂರ್ವಾನುಮತಿ ಪಡೆದೇ ಪಾಲಿಸುವುದು.

7. ಹೆಸರಿನ ಸರದಿಯು ಕೊಟ್ಟಾರ, ಕೂಳೂರು, ಜೆಪ್ಪು ಎಂಬ ಕ್ರಮದಲ್ಲಿರುತ್ತದೆ. ಆದ್ದರಿಂದ ಮೊದಲು ಕೊಟ್ಟಾರದಲ್ಲಿ ಒಂದು, ಅನಂತರ ಕೂಳೂರಿನಲ್ಲಿ ಒಂದು ಗಾಳಿ ಬೀಸಿ, ತಲಾ ಒಂದು ಮನೆಗಾದರೂ ಹಾನಿಯಾಗುವವರೆಗೆ ಜೆಪ್ಪುವಿನ ಗಾಳಿಗೆ ಹೆಸರಿಡಲು ಬರುವುದಿಲ್ಲ. ಇದನ್ನು ತಿಳಿಸಿದಾಗ ಅರ್ಜಿದಾರರು ನೀಡಿದ ಹೇಳಿಕೆ: “ಗಾಳಿ ಬಂದದ್ದು ಹೌದು, ಹೆಸರು ಹೇಳಿ ಹೋಗ್ಲಿಲ್ಲ ಮಾರಾಯ್ರೆ. ನನ್ನ ಹಂಚು ಅಲ್ಲೇ ಉಂಟಲ್ಲ, ಯಾವಾಗ ಕೊಡ್ತೀರಿ?” ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಪ್ರಶ್ನೆಯು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

8. ಈ ನಡುವೆ ಮುಂಗಾರು ಬಿರುಸಾಗಿದೆ. ಅರ್ಜಿದಾರರ ಮೊಮ್ಮಗಳು ಕುಮಾರಿ ನಜ್ಲಾ ಇವರ ಶಾಲಾ ಪುಸ್ತಕಗಳು ಒದ್ದೆಯಾಗಿ, ಅವರು ಅವನ್ನು ಒಲೆಯ ಮೇಲೆ ಒಣಗಿಸುತ್ತಿರುವುದನ್ನು ಕಂಡು ಇಲಾಖೆಗೆ ನಿಜಕ್ಕೂ ಬೇಸರವಾಗಿದೆ. ಬೇಸರಕ್ಕೆ ಪ್ರತ್ಯೇಕ ಕಡತ ತೆರೆಯಲಾಗಿದೆ.

ಸಹಿ/-
(ಮರ್ವಿನ್ ಲೋಬೊ)
ನಾಮಕರಣಾಧಿಕಾರಿ (ಗಾಳಿ), ಪ್ರಭಾರ

ಪ್ರತಿಗಳು:
1. ಕೊಟ್ಟಾರ ಮತ್ತು ಕೂಳೂರು ಶಾಖೆಗಳಿಗೆ: ಗಾಳಿಯನ್ನು ನಿರೀಕ್ಷಿಸಲು.
2. ಶ್ರೀ ನಿತ್ಯಾನಂದ, ಹೋಟೆಲು ಮಾಲೀಕರು: ಸಮಾಧಾನಕ್ಕಾಗಿ.
3. ಗೋದಾಮು ಪಾಲಕ ಶ್ರೀ ದುಗ್ಗಪ್ಪ: ಬೀಫಾತಿಮ್ಮ ಇವರ 214 ಹಂಚುಗಳು ಮಳೆಗೆ ನೆನೆಯದಂತೆ ಟಾರ್ಪಾಲು ಹೊದಿಸಿಡಲು.
4. ಶ್ರೀಮತಿ ಬೀಫಾತಿಮ್ಮ, ಜೆಪ್ಪು: ಈ ಪ್ರತಿಯನ್ನು ಮನೆಯೊಳಗೆ ಒಣ ಜಾಗದಲ್ಲಿ ಇಟ್ಟುಕೊಂಡು, ಕೇಳಿದಾಗ ಹಾಜರುಪಡಿಸಲು.