ಲಿಫ್ಟ್ ಮೆಕ್ಯಾನಿಕ್ ಮೊದಲ ಸೀಟಿನಲ್ಲಿ ಕೂತದ್ದು

ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಲಿಫ್ಟಿನ ನೆತ್ತಿಯ ಮೇಲೆ ನಿಂತು ಇಪ್ಪತ್ತೆರಡು ಮಹಡಿ ಏರಿಳಿಯುವ ಗಂಡಸಿಗೆ ಆಟದ ರೈಲೊಂದು ಯಾವ ಲೆಕ್ಕ? ಹೀಗೆಂದು ನಮ್ಮ ಲಿಫ್ಟ್ ಮೆಕ್ಯಾನಿಕ್ ಶನಿವಾರ ಊಟದ ಹೊತ್ತಿಗೆ ಘೋಷಿಸಿದ. ಮರುದಿನ ಪಾರ್ಕಿಗೆ ಹೋಗುವುದು, ಅಲ್ಲಿನ ಅತಿ ಎತ್ತರದ ರೋಲರ್ ಕೋಸ್ಟರಿನಲ್ಲಿ ಹನ್ನೊಂದು ವರ್ಷದ ಮಗಳ ಪಕ್ಕದಲ್ಲಿ ತಾನೇ ಕೂರುವುದು ಎಂದು ಠರಾವು ಪಾಸಾಯಿತು. ಮಗಳು ಗೆಳತಿಯರಿಗೆಲ್ಲ ಫೋನು ಮಾಡಿ ಸುದ್ದಿ ಮುಟ್ಟಿಸಿದಳು.

"ಜೋಕಾಲಿ ತೂಗಿದ್ರೇ ನಿಮಗೆ ತಲೆ ಸುತ್ತುತ್ತೆ," ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

ಜೋಕಾಲಿಗೆ ಬ್ರೇಕಿಲ್ಲ, ಅದಕ್ಕೇ ಸುತ್ತುತ್ತದೆ ಎಂದು ಅವನು ಆ ಆಕ್ಷೇಪವನ್ನು ತಳ್ಳಿಹಾಕಿದ.

ಭಾನುವಾರ ಹನ್ನೊಂದು ಗಂಟೆಗೆ ಮಗಳ ಜೊತೆ ಸಾಲಿನಲ್ಲಿ ನಿಂತು ತಲೆ ಎತ್ತಿ ನೋಡಿದಾಗ ಅವನಿಗೆ ವಿಷಯ ಅರ್ಥವಾಯಿತು. ಉಳಿದವರ ಪಾಲಿಗೆ ಅದು ಆಟ. ಅವನ ಕಣ್ಣಿಗೆ ಅದು ಗೋಡೆಯಿಲ್ಲದ, ಬಾಗಿಲಿಲ್ಲದ, ನಡುದಾರಿಯಲ್ಲಿ ತಲೆಕೆಳಗಾಗುವ ಲಿಫ್ಟು. ಲಿಫ್ಟು ಎಷ್ಟು ಬಗೆಯಲ್ಲಿ ಕೆಡಬಹುದು ಎಂಬುದನ್ನು ಹತ್ತೊಂಬತ್ತು ವರ್ಷದಿಂದ ಬಲ್ಲವನು ಬೇರೆ. ಹೆಂಡತಿ ಚೀಲಗಳನ್ನು ಕಾಯುವ ನೆಪದಲ್ಲಿ ದೂರದ ಬೆಂಚು ಹಿಡಿದಿದ್ದಳು. ಮಗಳ ಎತ್ತರದ ಮಕ್ಕಳು ದೊಡ್ಡವರಿಲ್ಲದೆ ಹತ್ತುವಂತಿಲ್ಲ ಎಂದು ಬೋರ್ಡು ಹೇಳುತ್ತಿತ್ತು. ಈಗ ಹಿಂದೆ ಸರಿದರೆ ಅವಳ ಕಣ್ಣಲ್ಲಿ ಅಪ್ಪನ ಬೆಲೆ ಏನು ಉಳಿದೀತು?

ಗಾಬರಿಯಾದಾಗ ಕೈ ತನಗೆ ಗೊತ್ತಿರುವ ಕೆಲಸ ಹುಡುಕುತ್ತದೆ. ಅವನು ಪಕ್ಕದ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಕಿವಿಯಿಟ್ಟು ಕೇಳಿದ. ಎರಡು ಬೋಲ್ಟು ಅಲ್ಲಾಡಿಸಿ ನೋಡಿ, ಜೇಬಿನ ಡೈರಿ ತೆಗೆದು ಏನೋ ಗೀಚಿಕೊಂಡ. ಹಿಂದಿದ್ದ ಹೆಂಗಸು, ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಅಪಾರ್ಟ್‌ಮೆಂಟಿನವರಿಗೆಲ್ಲ ದಿನಾ ಕೊಡುವ ಉತ್ತರವೇ ಬಾಯಿಗೆ ಬಂತು.

"ಸದ್ಯಕ್ಕೇನೂ ಇಲ್ಲ."

ಆ ಮಾತು ಸಾಲಿನ ಉದ್ದಕ್ಕೂ ಓಡಿತು. ಐದು ನಿಮಿಷದಲ್ಲಿ ಅರ್ಧ ಸಾಲು ಖಾಲಿ! ರೈಲು ಓಡಿಸುವವನು ಇಣುಕಿ ನೋಡಿದ. ಕಂಬ, ಡೈರಿ, ಪೆನ್ನು ಎಲ್ಲ ಕಂಡಿತು. ಸುದ್ದಿ ತಿಳಿದು ಪಾರ್ಕಿನ ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದರು. ಆ ವಾರ ಸರ್ಕಾರದ ಸುರಕ್ಷತಾ ಇನ್ಸ್‌ಪೆಕ್ಟರ್ ಬರಬಹುದೆಂದು ಅವರು ಮೂರು ದಿನದಿಂದ ದಾರಿ ಕಾಯುತ್ತಿದ್ದರಂತೆ. ನಾನವನಲ್ಲ ಎಂದು ಹೇಳಲು ನಮ್ಮ ಮೆಕ್ಯಾನಿಕ್ ಬಾಯಿ ತೆರೆದ. ಅಷ್ಟರಲ್ಲಿ ದಿವ್ಯವಾದ ಯೋಚನೆಯೊಂದು ಹೊಳೆಯಿತು. ಇನ್ಸ್‌ಪೆಕ್ಟರ್ ಆದವನು ರೈಲನ್ನು ನಿಲ್ಲಿಸಬಲ್ಲ. ನಿಂತ ರೈಲನ್ನು ಹತ್ತಲಿಲ್ಲವೆಂದು ಯಾವ ಮಗಳೂ ಅಪ್ಪನನ್ನು ದೂರುವುದಿಲ್ಲ. ಅವನು ತೆರೆದ ಬಾಯನ್ನು ಮುಚ್ಚಿ, ಗಂಟಲು ಸರಿಮಾಡಿಕೊಂಡ.

"ಇವತ್ತಿಗೆ ಇದನ್ನ ನಿಲ್ಲಿಸಿಬಿಡಿ."

"ಆಗ್ಲಿ ಸಾರ್," ಎಂದರು ಮ್ಯಾನೇಜರ್. "ಆದ್ರೆ ಕಾರಣ ಬರೀಬೇಕಲ್ಲ. ನಿಯಮದ ಪ್ರಕಾರ ತಾವು ಖಾಲಿ ಗಾಡೀಲಿ ಮೊದಲನೇ ಸೀಟಲ್ಲಿ ಕೂತು ಒಂದು ಸುತ್ತು ನೋಡಿ, ಆಮೇಲೆ ಬರೀಬೇಕು."

ಉಳಿದಿದ್ದ ಅರ್ಧ ಸಾಲು ಚಪ್ಪಾಳೆ ತಟ್ಟಿತು. ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಇಬ್ಬರು ಬಂದು ಗೌರವದಿಂದ ಅವನನ್ನು ಕೂರಿಸಿ, ಎದೆಯ ಮೇಲೆ ಅಡ್ಡಕಂಬಿ ಬಿಗಿದರು.

ಏರುವಾಗ ಅವನು ಅಮ್ಮನನ್ನು ಕರೆದ. ಇಳಿಯುವಾಗ ಹೆಂಡತಿಯನ್ನು ಕರೆದ. ತಲೆಕೆಳಗಾದಾಗ ಮ್ಯಾನೇಜರರನ್ನು ಕರೆದು, ನಾನು ಬರೀ ಲಿಫ್ಟ್ ರಿಪೇರಿಯವನು ಸ್ವಾಮೀ ಎಂದು ತಪ್ಪೊಪ್ಪಿಕೊಂಡ. ಕೆಳಗಿದ್ದವರಿಗೆ ಅದೆಲ್ಲ ಸೇರಿ ಒಂದೇ ಉದ್ದನೆಯ ಕೂಗಾಗಿ ಕೇಳಿಸಿತು.

ಒಂದೂಮುಕ್ಕಾಲು ನಿಮಿಷದ ಮೇಲೆ ರೈಲು ನಿಂತಿತು. ಕೂದಲು ನೆಟ್ಟಗಾಗಿತ್ತು, ಡೈರಿ ಎಲ್ಲಿ ಹಾರಿತೋ ದೇವರೇ ಬಲ್ಲ. ಹೇಗಿದೆ ಸಾರ್ ಎಂದು ಮ್ಯಾನೇಜರ್ ಕೇಳಿದರು. ಕೆಟ್ಟಿದೆ ಎಂದರೆ ಏನು ಕೆಟ್ಟಿದೆಯೆಂದು ನೋಡಲು ಇನ್ನೊಂದು ಸುತ್ತು ಕಳಿಸಿಯಾರು ಎಂಬ ಭಯಕ್ಕೆ, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದ. ಮ್ಯಾನೇಜರಿಗೆ ಎಷ್ಟು ಸಂತೋಷವಾಯಿತೆಂದರೆ, ಮೊದಲ ಸವಾರಿ ಸಾಹೇಬರ ಮಗಳದೇ ಎಂದು ಅಲ್ಲೇ ಸಾರಿದರು.

ಕೂತಲ್ಲೇ ಆ ಕ್ಷಣ ಅವನಿಗೆ ಮಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಇಷ್ಟಾದ ಮೇಲೆ ಅವಳಿಗೋಸ್ಕರ ಇನ್ನೊಂದು ಸಲ ಸತ್ತರೂ ಸರಿಯೇ.

"ಬಾ ಪುಟ್ಟಿ, ಕೂತ್ಕೊ," ಎಂದು ಪಕ್ಕದ ಸೀಟು ತಟ್ಟಿದ. "ಅಪ್ಪ ಇದ್ದೀನಲ್ಲ."

ಮಗಳು ಹತ್ತಿರ ಬಂದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಪ್ಪಾ, ನಂಗೆ ತುಂಬಾ ಭಯ. ಅಪ್ಪ ಖಂಡಿತ ಹತ್ತಲ್ಲ, ನೀನು ಧೈರ್ಯವಾಗಿ ಎಲ್ಲರಿಗೂ ಹೇಳ್ಕೊ ಅಂತ ಅಮ್ಮ ಮಾತು ಕೊಟ್ಟಿದ್ಲು."